ಗುಬ್ಬಿಯ ಬಂಕಿನಲ್ಲಿ ಪೆಟ್ರೋಲ್ ಇರಲಿಲ್ಲ

ತುಮಕೂರು
1-12-1990, ಶನಿವಾರ

ನಿಶಾತಳ ಅಬ್ಬಾ ಅವರಿಗೆ,

ಅಸ್ಸಲಾಮು ಅಲೈಕುಮ್. ಮೊದಲು "ಪ್ರೀತಿಯ" ಎಂದು ಬರೆದು ಹೊಡೆದುಹಾಕಿದೆ. ಹಾಳೆ ಗಲೀಜಾಯಿತೆಂದು ಹರಿದು ಬೇರೆ ತೆಗೆದುಕೊಂಡೆ. ಇದು ಮೂರನೆಯ ಹಾಳೆ. ಮನೆಯಲ್ಲಿ ನಾವು ಆಡುವುದು ಉರ್ದುವಾದರೂ ಇಬ್ಬರೂ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಹಾಗಾಗಿ ಜಗಳವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕುಣಿಗಲ್ಲಿನಲ್ಲಿ ನಿಮ್ಮ ಭಾಯಿಜಾನ್ ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಹಣೆಯ ಹೊಲಿಗೆ ಬಿಚ್ಚಿದರಂತೆ. ಅದನ್ನು ನನಗೆ ಯಾರು ಹೇಳಿದರು ಎಂಬುದೇ ಈ ಕಾಗದಕ್ಕೆ ಕಾರಣ.

ನಿಶಾತ್ ಚೆನ್ನಾಗಿದ್ದಾಳೆ. ಅಬ್ಬಾ ಯಾವಾಗ ಬರ್ತಾರೆ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ಕೆಲಸದ ಮೇಲೆ ಹೋಗಿದ್ದಾರೆ ಎಂದಿದ್ದೇನೆ. ತವರಿಗೆ ಬಂದ ಮೇಲೆ ಅಮ್ಮಿ ನಮ್ಮ ವಿಷಯ ಏನೂ ಕೇಳುವುದಿಲ್ಲ. ರಂಜಾನ್ ಹಬ್ಬಕ್ಕೆ ನೀವು ತಂದ ನೀಲಿ ಸೀರೆಯನ್ನು ಯಾಕೆ ಉಡುವುದಿಲ್ಲ, ಪೆಟ್ಟಿಗೆಯ ತಳಕ್ಕೆ ಯಾಕೆ ತುರುಕಿದ್ದೀಯ ಎಂದು ಮಾತ್ರ ಎರಡು ಸಲ ಕೇಳಿದರು. ಒಳ್ಳೆಯ ಸೀರೆ ಉಡುವ ಕಾಲವೇ ಇದು ಎಂದು ಬಾಯಿ ಮುಚ್ಚಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಬುಧವಾರ ನಿಮ್ಮ ನರ್ಸಮ್ಮ ಇಲ್ಲಿಗೆ ಬಂದಿದ್ದಳು. ಹೌದು, ಅವಳೇ, ನಿಟ್ಟೂರಿನ ಪುಟ್ಟಗಂಗಮ್ಮ. ಲೂನಾ ಮೇಲಲ್ಲ, ಬಸ್ಸಿನಲ್ಲಿ. ಜಿಲ್ಲಾ ಆಸ್ಪತ್ರೆಗೆ ಔಷಧಿ ತರಲು ಬಂದವಳು ಕೇಳಿಕೊಂಡು ಕೇಳಿಕೊಂಡು ನಮ್ಮ ಗಲ್ಲಿ ಹುಡುಕಿ ಬಂದಳು. ಬಾಗಿಲಲ್ಲಿ ನಿಂತು "ಅಕ್ಕಾ" ಅಂದಳು. ನನಗಿಂತ ಎರಡೇ ವರ್ಷ ಚಿಕ್ಕವಳು, ಅಕ್ಕನಂತೆ. ಅಮ್ಮಿ ಟೀ ಕೊಟ್ಟು ಖಾರಾ ಬಿಸ್ಕತ್ತು ಇಟ್ಟರು. ಮೂರು ತಿಂದಳು. ತಿನ್ನುವಾಗ ಅವಳನ್ನು ಚೆನ್ನಾಗಿ ನೋಡಿದೆ. ಬಿಸಿಲಿಗೆ ಮುಖ ಕಪ್ಪಿಟ್ಟಿದೆ, ಕೈ ಒರಟು, ಜಡೆ ಇಲಿಬಾಲ. ಇವಳಲ್ಲಿ ಏನು ಕಂಡರು ಎಂದು ಯೋಚಿಸಿದೆ. ಏನೂ ಕಾಣಿಸದೇ ಇದ್ದುದಕ್ಕೆ ಹೊಟ್ಟೆ ಇನ್ನೂ ಜಾಸ್ತಿ ಉರಿಯಿತು.

ಹೊಲಿಗೆ ಬಿಚ್ಚಿಸಲು ನೀವು ಗುಬ್ಬಿಯ ಆಸ್ಪತ್ರೆಗೆ ಬಂದಾಗ ಕೇಳಿದ್ದೆಂದು ಅವಳು ಹೇಳಿದ್ದು ಇಷ್ಟು. ಬರುವ ಗುರುವಾರ, ಆರನೇ ತಾರೀಖು, ತುಮಕೂರಿನ ಆಹಾರ ಇಲಾಖೆಯ ಆಫೀಸಿನಲ್ಲಿ ನಿಮ್ಮ ವಿಚಾರಣೆ. ಬಂಕಿಗೆ ಸೀಲು ಹಾಕಿದ ಇನ್ಸ್‌ಪೆಕ್ಟರಿಗೆ ನೀವು ಆಗಲೇ ಬಾಯಲ್ಲಿ ಹೇಳಿದ್ದೀರಿ, ಗುರುವಾರ ಅದನ್ನೇ ಬರೆದುಕೊಡುತ್ತೀರಿ: ಆ ಶುಕ್ರವಾರ ಟ್ಯಾಂಕಿಗೆ ಅಳತೆಯ ರಾಡು ಇಳಿಸಿ ಡಿಪ್ ಹಾಕಿದ್ದು ನಾನೇ, ಒಂಬೈನೂರು ಲೀಟರ್ ಇದೆ ಎಂದು ಹೊರಗೆ ಹೇಳಿದ್ದೂ ನಾನೇ, ನೀರು ಇರುವುದನ್ನು ನೋಡದೆ ಹೋದದ್ದೂ ನಾನೇ. ಹಾಗೆ ಬರೆದುಕೊಟ್ಟರೆ ಹದಿನಾಲ್ಕು ವರ್ಷದ ಕೆಲಸ ಹೋಗುವುದಲ್ಲದೆ ನೀರು ಬೆರೆಸಿ ಮಾರಿದ ಕೇಸೂ ಆಗುತ್ತದೆಯಂತೆ. ಜೈಲಿಗೂ ಹಾಕಬಹುದಂತೆ. "ಸುಳ್ಳು ಅಂತ ನಂಗೆ ಗೊತ್ತು ಅಕ್ಕಾ, ನಿಮ್ ಹೆಸ್ರು ಬರ್ಬಾರ್ದು ಅಂತ ಹಿಂಗೆ ಮಾಡ್ತಾವ್ರೆ. ಆಸ್ಪತ್ರೇಲಿ ಬ್ಯಾಂಡೇಜ್ ಕಟ್ಟೋವಾಗ ನಂಗೆ ಹೇಳುದ್ರು" ಅಂದಳು.

ಇದನ್ನು ಕೇಳಿದ ಹೆಂಡತಿ ಅಳಬೇಕಿತ್ತು. ನಾನು ಅಳಲಿಲ್ಲ. ನನ್ನ ತಲೆಗೆ ಮೊದಲು ಹೊಳೆದದ್ದು ಒಂದೇ: ನನ್ನನ್ನು ಉಳಿಸುತ್ತಿರುವ ಸುದ್ದಿಯನ್ನು ನನಗೆ ಹೇಳದೆ ಇವಳಿಗೆ ಯಾಕೆ ಹೇಳಿದಿರಿ? ನನ್ನ ಮೇಲಿನ ಪ್ರೀತಿಯೂ ಅವಳ ಬಾಯಿಂದಲೇ ನನಗೆ ಬರಬೇಕೇ? ತೋಬಾ, ನನ್ನ ಮನಸ್ಸು ಹೀಗಿದೆ. ಹೀಗಿದೆ ಎಂದು ಗೊತ್ತಿದ್ದೇ ನೀವು ಮದುವೆಯಾದಿರಿ.

ನೀವು ಒಂದು ಮಾತೂ ಆಡದವರು. ನಾನೇ ಎಲ್ಲವನ್ನೂ ಮೊದಲಿಂದ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ಆಗಸ್ಟಿನಲ್ಲಿ ಕುವೈತ್ ಗಲಾಟೆ ಶುರುವಾದಾಗಿನಿಂದ ನಮ್ಮ ಮನೆಯ ನೆಮ್ಮದಿ ಹೋಯಿತು. ಗುಬ್ಬಿಯ ಬಂಕಿಗೂ ಅರಬ್ಬರ ಜಗಳಕ್ಕೂ ಏನು ಸಂಬಂಧ ಎಂದು ನಾನು ನಕ್ಕಿದ್ದೆ. ಅಕ್ಟೋಬರಿನಲ್ಲಿ ರೇಟು ಏರಿತು, ಲೋಡು ವಾರಕ್ಕೆ ಮೂರು ಬರುತ್ತಿದ್ದದ್ದು ಒಂದಾಯಿತು. ನೀವು ಮಾತ್ರ ಎಂದಿನಂತೆ ಬೆಳಿಗ್ಗೆ ಆರಕ್ಕೆ ಆ ಹಿತ್ತಾಳೆಯ ಉದ್ದ ರಾಡನ್ನು ಟ್ಯಾಂಕಿಗೆ ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ, ಗೋಡೆಯ ಚಾರ್ಟಿನಲ್ಲಿ ಲೀಟರ್ ಹುಡುಕಿ, ಹೊರಗಿನ ಕಪ್ಪು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆಯುತ್ತಿದ್ದಿರಿ. ಊರಿಗೆ ಊರೇ ಆ ಬೋರ್ಡು ಓದುತ್ತಿತ್ತು, ಒಬ್ಬರೂ ನಂಬುತ್ತಿರಲಿಲ್ಲ.

ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರುವ ಲಾರಿ ಸಿದ್ದಗಂಗಯ್ಯನವರ ಮಾತು ನೆನಪಿದೆಯೇ? ನೀವೇ ಮನೆಗೆ ಬಂದು ಅವರ ಹಾಗೆ ಆಡಿ ತೋರಿಸುತ್ತಿದ್ದಿರಿ. "ಮೂವತ್ತು ವರ್ಸಕ್ಕೆ ಎಣ್ಣೆ ಮುಗೀತದೆ ಅಂತ ನಾನು ಚಡ್ಡಿ ಹಾಕ್ಕೊಂಡಿದ್ದಾಗಿಂದ ಕೇಳ್ತಾ ಇವ್ನಿ. ನಂಗೆ ಅರವತ್ತಾಯ್ತು, ಇನ್ನೂ ಮೂವತ್ತೇ ವರ್ಸ ಐತಂತೆ. ನೆಲದೊಳಕ್ಕೆ ಯಾವನ್ಲಾ ಕಡ್ಡಿ ಇಳ್ಸಿ ನೋಡ್ದೋನು?" ಎಂದು. ಇನ್ನೊಬ್ಬರು ನಿಮಗೇ ಕೊಕ್ಕೆ ಹಾಕಿದ್ದರು, "ನಿಮ್ಮೋರ ದೇಸದಾಗೆ ಬಾವಿ ಬಾವಿ ಐತಂತಲ್ಲ ಪಾಷಾ ಸಾಹೇಬ್ರೆ, ಒಂದು ಕಾಗ್ದ ಹಾಕಬಾರ್ದಾ" ಎಂದು. ನಿಮ್ಮವರ ದೇಶ ನಿಟ್ಟೂರಿನಿಂದ ಆಚೆಗೆ ಹೋಗಿಲ್ಲ ಎಂದು ಅವರಿಗೆ ಹೇಳುವವರು ಯಾರು? ರೇಡಿಯೋದಲ್ಲಿ ಸಾಕಷ್ಟು ದಾಸ್ತಾನಿದೆ ಎಂದರೆ ಸಾಯಂಕಾಲದೊಳಗೆ ಕ್ಯಾನು ಹಿಡಿದು ಸಾಲು ನಿಲ್ಲುತ್ತಿದ್ದರು. ನೀವು ಇಲ್ಲ ಎಂದು ಬರೆದರೆ ಮುಚ್ಚಿಟ್ಟಿದ್ದಾರೆ ಎನ್ನುತ್ತಿದ್ದರು. ಇದೆ ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಆಗ ನಾನು ನಿಮ್ಮ ಕಡೆಗಿದ್ದೆ. ಹೂ ಮಾರುವ ಓಬಳಮ್ಮನ ಹತ್ತಿರ ನಿಮ್ಮ ಬೋರ್ಡಿನ ಪರವಾಗಿ ಜಗಳವನ್ನೇ ಆಡಿದ್ದೆ. ನನ್ನ ಗಂಡ ಒಂದು ಲೀಟರ್ ಆಚೆ ಈಚೆ ಬರೆಯುವವರಲ್ಲ ಎಂದಿದ್ದೆ.

ಆಮೇಲೆ ಹನ್ನೊಂದನೇ ತಾರೀಖು ಭಾನುವಾರ ಬಂತು. ನನ್ನ ತಂಗಿ ಫಾಯಿಜಾಳ ನಿಶ್ಚಿತಾರ್ಥ. ಅಕ್ಕನಾದ ನಾನೇ ಅವಳ ತಲೆಗೆ ಓಢನಿ ಹೊದಿಸಬೇಕಾಗಿತ್ತು. ನನ್ನ ತಮ್ಮ ಝುಬೇರ್ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಕಣ್ಣು ಮುಚ್ಚದೆ, ನನ್ನನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬಂದ. ವಾಪಸ್ ಹೋಗಲು ಒಂದು ಲೀಟರ್ ಬೇಕಿತ್ತು. ನನ್ನ ಜೊತೆ ಬಂಕಿಗೆ ಬಂದು ಭಾವಾ ಎಂದ. ನೀವು ನನ್ನ ತಮ್ಮನಿಗೆ ಬೋರ್ಡು ತೋರಿಸಿದಿರಿ. ತಳದಲ್ಲಿ ಉಳಿದಿರುವ ಮುನ್ನೂರೈವತ್ತು ಲೀಟರ್ ಆಂಬುಲೆನ್ಸಿಗೆ, ಪೊಲೀಸಿನವರಿಗೆ, ಆಸ್ಪತ್ರೆಯವರಿಗೆ, ಅದೂ ತಹಸೀಲ್ದಾರರ ಚೀಟಿ ಇದ್ದರೆ ಮಾತ್ರ ಎಂದಿರಿ. ಸರಿ, ನಿಮ್ಮ ಸ್ಕೂಟರಿನಿಂದ ತೆಗೆದುಕೊಡಿ ಎಂದೆ. ಅದೂ ರಿಸರ್ವ್‌ಗೆ ಬಂದಿದೆ ಎಂದಿರಿ. ನಂಬಿದೆ. ಝುಬೇರನ ಸ್ಕೂಟರನ್ನು ನಮ್ಮ ಅಂಗಳದಲ್ಲಿ ಬಿಟ್ಟು ನಾವಿಬ್ಬರೂ ನಿಶಾತಳನ್ನು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ನಿಂತೆವು. ಡೀಸೆಲ್ ಇಲ್ಲವೆಂದು ಅರ್ಧ ಬಸ್ಸು ರದ್ದು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಮಿಠಾಯಿ ಡಬ್ಬವನ್ನು ತಲೆಯ ಮೇಲೆ ಹಿಡಿದುಕೊಂಡು ಬಂದೆ. ಬರುವಷ್ಟರಲ್ಲಿ ಗಂಡಿನ ಕಡೆಯವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಓಢನಿಯನ್ನು ಯಾರೋ ಚಿಕ್ಕಮ್ಮ ಹೊದಿಸಿದ್ದರು. ಫಾಯಿಜಾ ನನ್ನ ಮುಖ ನೋಡಲಿಲ್ಲ.

ವಾಪಸ್ ಬರುವಾಗ ಗುಬ್ಬಿಯ ಹತ್ತಿರ ನಮ್ಮ ಬಸ್ಸನ್ನು ದಾಟಿಕೊಂಡು ಲೂನಾ ಹೋಯಿತು. ಹಿಂದೆ ಲಸಿಕೆಯ ಐಸ್ ಪೆಟ್ಟಿಗೆ, ಮುಂದೆ ನಿಮ್ಮ ನರ್ಸಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ನಾನು ಒಂದು ಕಂಬಿ ಹಿಡಿದು ನೇತಾಡುತ್ತಿದ್ದೆ. ಅವಳಿಗೆ ಚೀಟಿ ಇದೆ ಎಂದು ನನಗೆ ಗೊತ್ತು. ಆಸ್ಪತ್ರೆಯವಳು, ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳಿಗೆ ಇಂಜೆಕ್ಷನ್ ಹಾಕುವವಳು, ನಮ್ಮ ನಿಶಾತಳಿಗೂ ಹಾಕಿದವಳು. ಎಲ್ಲ ಗೊತ್ತು. ಗೊತ್ತಿದ್ದರೂ ಮೈಯೆಲ್ಲ ಉರಿದುಹೋಯಿತು.

ಅಷ್ಟಕ್ಕೇ ಬಿಡುತ್ತಿದ್ದೆ. ಗುರುವಾರ, ಹದಿನೈದನೇ ತಾರೀಖು, ಓಬಳಮ್ಮ ಮಲ್ಲಿಗೆ ಅಳೆಯುತ್ತಾ ಒಂದು ಮಾತು ಹೇಳಿದಳು. "ನರ್ಸಮ್ಮನ ಲೂನಾ ಬಂಕಿನ ಹಿಂದುಗಡೆ ನಿಂತಿತ್ತು ಕಣವ್ವ. ನಿಮ್ ಯಜಮಾನ್ರು ಕುಕ್ಕುರುಗಾಲಲ್ಲಿ ಕೂತ್ಕಂಡು ಪೈಪು ಹಿಡಿದಿದ್ರು. ಮುಂದೆ ಬೋರ್ಡಲ್ಲಿ ಇಲ್ಲ ಅಂತ ಬರ್ದವ್ರೆ, ಹಿಂದೆ ತುಂಬಿಸ್ತಾವ್ರೆ" ಎಂದು. ಮುಂದೆ ಇಲ್ಲ, ಹಿಂದೆ ಇದೆ. ಚೀಟಿ ಇದ್ದವಳಿಗೆ ಹಿಂದೆ ಹೋಗುವ ಕೆಲಸವೇನು?

ಆ ಸಂಜೆ ನೀವು ಊಟಕ್ಕೆ ಕೂತಾಗ ಕೇಳಿದೆ, ಬಂಕಿನಲ್ಲಿ ನಿಜವಾಗಿ ಎಷ್ಟಿದೆ ಎಂದು. ನೆನಪಿದೆಯೇ ಏನೆಂದಿರಿ? ತಟ್ಟೆಯಿಂದ ತಲೆ ಎತ್ತದೆ "ಬೋರ್ಡು ನೋಡಲಿಲ್ವಾ?" ಎಂದಿರಿ.

ಒಂಬತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಬೋರ್ಡು ನೋಡು ಎಂದಿರಿ. ಸಿದ್ದಗಂಗಯ್ಯನಿಗೂ ಬೋರ್ಡು, ಬಸ್ ಸ್ಟ್ಯಾಂಡಿನವರಿಗೂ ಬೋರ್ಡು, ನನಗೂ ಬೋರ್ಡು. ಒಳಗಿನ ಲೆಕ್ಕ ಬೇರೆ ಯಾರಿಗೋ. ಅವಳಿಗೆ ಪೆಟ್ರೋಲ್ ಕೊಟ್ಟದ್ದು ನನ್ನನ್ನು ಅಷ್ಟು ಸುಡಲಿಲ್ಲ. ಊರಿನವರ ಜೊತೆ ನನ್ನನ್ನೂ ಸಾಲಿನಲ್ಲಿ ನಿಲ್ಲಿಸಿದ್ದು ಸುಟ್ಟಿತು. ನಿಮ್ಮ ಬಾಯಿಯಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು, ಎರಡೇ ತುತ್ತು ತಿಂದು ಎದ್ದಿರಿ. ಬೇರೆ ಕಡೆ ಹೊಟ್ಟೆ ತುಂಬಿರಬೇಕು ಎಂದುಕೊಂಡೆ.

ಮಾರನೆಯ ದಿನ ಶುಕ್ರವಾರ.

ನೀವು ಜುಮ್ಮಾ ನಮಾಜಿಗೆ ಹೋಗುವ ಹೊತ್ತಿಗೆ ಸರಿಯಾಗಿ ಊಟದ ಕ್ಯಾರಿಯರ್ ಹಿಡಿದು ಬಂಕಿಗೆ ಹೋದೆ. ಪಂಪು ಹೊಡೆಯುವ ಸಿದ್ದಯ್ಯ ನೆರಳಲ್ಲಿ ಟವಲ್ ಹಾಸಿ ಮಲಗಿದ್ದ, ಮಾರಲು ಏನೂ ಇಲ್ಲವಲ್ಲ. ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದುಕೊಂಡೆ. ಡಿಪ್ ಹಾಕುವುದನ್ನು ನನಗೆ ಯಾರು ಕಲಿಸಿದರೆಂದು ನಿಮಗೆ ಗೊತ್ತು. ಮದುವೆಯಾದ ಮೊದಲ ವರ್ಷ, ಬಂಕಿನ ಹಿಂದಿನ ಒಂದೇ ಕೋಣೆಯಲ್ಲಿ ನಾವಿದ್ದಾಗ, ಬೆಳಿಗ್ಗೆ ಆರಕ್ಕೆ ನೀವು ರಾಡು ಇಳಿಸುತ್ತಿದ್ದಿರಿ, ನಾನು ಚಾರ್ಟು ನೋಡಿ ಲೀಟರ್ ಕೂಗುತ್ತಿದ್ದೆ. ನಿನ್ನ ಕಣ್ಣು ನನ್ನ ಕಣ್ಣಿಗಿಂತ ಚುರುಕು ಎನ್ನುತ್ತಿದ್ದಿರಿ. ಬೋರ್ಡಿನ ಮೇಲೆ ಬರೆಯುವ ಮೊದಲೇ ಆ ಲೆಕ್ಕ ನನಗೆ ಗೊತ್ತಿರುತ್ತಿತ್ತು. ನನ್ನ ಜೀವನದಲ್ಲಿ ನಾನು ಅಷ್ಟು ದೊಡ್ಡವಳು ಎಂದು ಇನ್ಯಾವಾಗಲೂ ಅನ್ನಿಸಿಲ್ಲ.

ಮುಚ್ಚಳ ತೆಗೆದು ರಾಡು ಇಳಿಸಿದೆ. ಎಳೆದಾಗ ಇಪ್ಪತ್ತೆಂಟರ ಗೆರೆಯವರೆಗೆ ಒದ್ದೆ. ಚಾರ್ಟಿನಲ್ಲಿ ಇಪ್ಪತ್ತೆಂಟಕ್ಕೆ ಒಂಬೈನೂರು ಲೀಟರ್. ಹೊರಗೆ ಬೋರ್ಡಿನ ಮೇಲೆ ನಿಮ್ಮ ದುಂಡನೆಯ ಅಕ್ಷರದಲ್ಲಿ "ಪೆಟ್ರೋಲ್ ಇಲ್ಲ". ಚೀಟಿಯವರಿಗೂ ಸೇರಿಸಿ ಇಲ್ಲ. ಟ್ಯಾಂಕಿನಲ್ಲಿ ನೀರಿದ್ದರೆ ಬಣ್ಣ ಬದಲಾಗುವ ಆ ಪೇಸ್ಟನ್ನು ರಾಡಿಗೆ ಹಚ್ಚಬೇಕೆಂದು ನೀವು ನನಗೆ ಕಲಿಸಿರಲಿಲ್ಲ. ಬುಧವಾರದ ಮಳೆಗೆ ಟ್ಯಾಂಕಿನೊಳಗೆ ನೀರು ಇಳಿದಿದೆ ಎಂದು ನನಗೆ ಹೇಳಿರಲೂ ಇಲ್ಲ. ಆರುನೂರು ಲೀಟರ್ ನೀರಿನ ಮೇಲೆ ಮುನ್ನೂರು ಲೀಟರ್ ಪೆಟ್ರೋಲ್ ನಿಂತಿತ್ತಂತೆ. ಗುರುವಾರ ಬೆಳಿಗ್ಗೆಯೇ ನೀವು ಅದನ್ನು ಕಂಡುಹಿಡಿದು, ಮಾಲೀಕರು ರುದ್ರಯ್ಯನವರಿಗೆ ತಿಳಿಸಿ, ಒಂದು ತೊಟ್ಟೂ ಮಾರಬಾರದೆಂದು ಬೋರ್ಡು ಬರೆದಿದ್ದಿರಂತೆ. ಟ್ಯಾಂಕು ಖಾಲಿ ಮಾಡಿಸುವವರೆಗೆ ಯಾರಿಗೂ ಹೇಳಬೇಡ ಎಂದು ಅವರು ನಿಮ್ಮ ಬಾಯಿ ಕಟ್ಟಿದ್ದರಂತೆ. ಇವೆಲ್ಲ "ಅಂತೆ"ಗಳೂ ನರ್ಸಮ್ಮನವು.

ಹೊರಗೆ ಬಂದು ಓಬಳಮ್ಮನಿಗೆ ಹೇಳಿದೆ, ಒಳಗೆ ಒಂಬೈನೂರು ಲೀಟರ್ ಇದೆ ಎಂದು. ನನ್ನ ಹೆಸರು ಹೇಳಬೇಡ ಎಂದೂ ಹೇಳಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ನಮಾಜು ಮುಗಿಸಿ ನೀವು ಬರುವಷ್ಟರಲ್ಲಿ ಕ್ಯಾನು, ಬಾಟಲಿ, ಸ್ಕೂಟರು ಸೇರಿ ರಸ್ತೆ ಕಟ್ಟಿಹೋಗಿತ್ತು. ನೀವು ಟ್ಯಾಂಕಿನ ಮುಚ್ಚಳದ ಮೇಲೆ ನಿಂತು ನೀರು ಸೇರಿದೆ, ಹಾಕಿದರೆ ಗಾಡಿ ಕೆಡುತ್ತದೆ ಎಂದು ಕೂಗಿದಿರಿ. "ನೆನ್ನೆ ಎಣ್ಣೆ ಇಲ್ಲ ಅಂದ, ಇವತ್ತು ನೀರೈತೆ ಅಂತಾನೆ, ನಾಳೆ ಹಾಲೈತೆ ಅಂತಾನೆ, ಹಾಕ್ಲಾ" ಎಂದು ಯಾರೋ ಅಂದರಂತೆ. ಎಲ್ಲರೂ ನಕ್ಕರಂತೆ. ಸಿದ್ದಯ್ಯನ ಕುತ್ತಿಗೆ ಪಟ್ಟಿ ಹಿಡಿದು ಪಂಪು ಹೊಡೆಸಿದರು. ಹನ್ನೊಂದು ಗಾಡಿಗೆ ಹಾಕಿಸಿಕೊಂಡು ಹೋದರು, ಹನ್ನೊಂದೂ ಬಸ್ ಸ್ಟ್ಯಾಂಡ್ ದಾಟಲಿಲ್ಲ. ತಳ್ಳಿಕೊಂಡು ವಾಪಸ್ ಬಂದವರು ಈಗ ಬೇರೆ ಮಾತು ಹಿಡಿದಿದ್ದರು: ಮುಚ್ಚಿಟ್ಟ ಕಳ್ಳ ನೀರೂ ಬೆರೆಸಿದ್ದಾನೆ ಎಂದು. ನೀವು ಹೇಳಿದ್ದು ನಿಜವೆಂದು ಕಣ್ಣಾರೆ ಕಂಡ ಮೇಲೂ ನಂಬಲಿಲ್ಲ. ಬೋರ್ಡನ್ನು ಕಿತ್ತು ಅದರಿಂದಲೇ ಹೊಡೆದರು. ಕನ್ನಡಕ ಒಡೆಯಿತು, ಹಣೆ ಸೀಳಿತು.

ಸುದ್ದಿ ಕೇಳಿ ಬರಿಗಾಲಲ್ಲಿ ಆಸ್ಪತ್ರೆಗೆ ಓಡಿಬಂದೆ. ಒಪ್ಪಿಕೊಳ್ಳಬೇಕೆಂದೇ ಓಡಿಬಂದೆ, ಅಲ್ಲಾಹನ ಮೇಲೆ ಆಣೆ. ಬಾಗಿಲಲ್ಲಿ ಕಂಡದ್ದೇನು? ಡಾಕ್ಟರು ಹೊಲಿಗೆ ಹಾಕಿ ಹೋಗಿದ್ದರು. ಐಸ್ ಪೆಟ್ಟಿಗೆ ವಾಪಸ್ ಕೊಡಲು ಬಂದಿದ್ದ ನಿಮ್ಮ ನರ್ಸಮ್ಮ ನಿಮ್ಮ ತಲೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬ್ಯಾಂಡೇಜು ಸುತ್ತುತ್ತಿದ್ದಳು. ನೀವು ಕಣ್ಣು ಮುಚ್ಚಿಕೊಂಡು ಅವಳಿಗೆ ಏನನ್ನೋ ಮೆಲ್ಲಗೆ ಹೇಳುತ್ತಿದ್ದಿರಿ. ಒಪ್ಪಿಕೊಳ್ಳುವ ಬದಲು ಏನೇನು ಕೂಗಾಡಿದೆ ಎಂದು ವಾರ್ಡಿನವರೆಲ್ಲ ಕೇಳಿದ್ದಾರೆ, ಮತ್ತೆ ಬರೆಯುವುದಿಲ್ಲ. ಮಾರನೆಯ ಬೆಳಿಗ್ಗೆ ನಿಶಾತಳನ್ನು ಕರೆದುಕೊಂಡು ಇಲ್ಲಿಗೆ ಬಂದೆ. ನೀವು ತಡೆಯಲಿಲ್ಲ. ತಡೆಯಲಿಲ್ಲವಲ್ಲ ಎಂದು ಹದಿನೈದು ದಿನ ಹಲ್ಲು ಕಡಿದೆ.

ನೀವು ಮೆಲ್ಲಗೆ ಹೇಳುತ್ತಿದ್ದದ್ದು ನನ್ನ ವಿಷಯವಂತೆ. ಆಫೀಸಿನ ಮೇಜಿನ ಮೇಲೆ ನಾನು ಬಿಟ್ಟುಬಂದ ಕ್ಯಾರಿಯರ್ ನೋಡಿಯೇ ನಿಮಗೆ ತಿಳಿದಿತ್ತಂತೆ. "ಅವಳು ಕೇಳಿದಾಗ ಹೇಳ್ಬೇಕಾಗಿತ್ತು, ನಂದೇ ತಪ್ಪು" ಎಂದಿರಂತೆ. ಇದನ್ನು ನನಗೆ ಹೇಳಿದ್ದರೆ ನಾನು ಅಲ್ಲೇ ನಿಮ್ಮ ಕಾಲು ಹಿಡಿಯುತ್ತಿದ್ದೆ. ಅವಳಿಗೆ ಹೇಳಿದಿರಿ.

ಬಂಕಿನ ಹಿಂದಿನ ಕಥೆಯನ್ನೂ ಅವಳೇ ಬಿಡಿಸಿದಳು. ಗುರುವಾರ ಚೀಟಿ ತಂದಳಂತೆ, ಟ್ಯಾಂಕಿನದನ್ನು ಕೊಡುವ ಹಾಗಿರಲಿಲ್ಲ. ನಿಟ್ಟೂರಿನ ಆಚೆ ಯಾವುದೋ ಹಟ್ಟಿಯಲ್ಲಿ ಹೆರಿಗೆ. ನೀವು ನಿಮ್ಮ ಸ್ಕೂಟರಿಗೇ ಪೈಪು ಹಾಕಿ ಬಾಯಲ್ಲಿ ಎಳೆದು ಮೂರು ಲೀಟರ್ ಕೊಟ್ಟಿರಂತೆ. ಒಂದು ಗುಟುಕು ಹೊಟ್ಟೆಗೆ ಹೋಗಿ ಕೆಮ್ಮಿ ಕೆಮ್ಮಿ ಸುಸ್ತಾದಿರಂತೆ, ಅವಳೇ ನೀರು ಕೊಟ್ಟಳಂತೆ. ಮಗು ಬದುಕಿತು, ತಾಯಿಯೂ ಬದುಕಿದಳು ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನೂ ತಂದುಕೊಂಡೆ. ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ತಲೆಯೊಳಗೆ ಬೇರೆ ಲೆಕ್ಕ ಓಡುತ್ತಿತ್ತು. ಗುರುವಾರ ಮೂರು ಲೀಟರ್ ಕೊಟ್ಟರೆಂದರೆ ಭಾನುವಾರವೂ ಆ ಸ್ಕೂಟರಿನಲ್ಲಿ ಮೂರು ಲೀಟರ್ ಇತ್ತು. ರಿಸರ್ವ್‌ಗೆ ಬಂದಿದೆ ಎಂದಿರಿ. ತುರ್ತಿಗೆ ಇರಲಿ ಎಂದು ಇಟ್ಟಿದ್ದರು ಎಂದು ನರ್ಸಮ್ಮ ನಿಮ್ಮ ಪರವಾಗಿ ಹೇಳಿದಳು. ಸರಿ, ನನ್ನ ತಂಗಿಯ ಓಢನಿ ತುರ್ತಲ್ಲ. ಅದನ್ನೇ ಹೇಳಬಹುದಿತ್ತು. ಮೂರು ಲೀಟರ್ ಇದೆ ಜೈನಬ್, ಆದರೆ ಕೊಡುವುದಿಲ್ಲ ಎಂದು ಹೇಳಿದ್ದರೆ ನಾನು ಒಂದು ದಿನ ಮುಖ ಊದಿಸಿಕೊಂಡು ಎರಡನೇ ದಿನ ನಿಮಗೆ ರೊಟ್ಟಿ ತಟ್ಟುತ್ತಿದ್ದೆ. ಇದ್ದದ್ದನ್ನು ಇಲ್ಲ ಎಂದಿರಿ. ಆಮೇಲೆ ನೀವು ನಿಜವಾಗಿ ಇಲ್ಲ ಎಂದಾಗ ನಾನು ಹೇಗೆ ನಂಬಲಿ?

ಅವಳ ಮೇಲೆ ನಿಮಗೆ ಮನಸ್ಸಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಇಲ್ಲ, ಕೇಳುತ್ತೇನೆ. ಇದೆಯೇ? ಬೋರ್ಡಿನ ಮೇಲೆ ಬರೆಯುವ ಉತ್ತರ ಬೇಡ.

ಈಗ ನಾನು ಮಾಡಿರುವುದನ್ನು ಕೇಳಿ. ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದು ನನ್ನ ಹೇಳಿಕೆಯ ನಕಲು. ನನ್ನ ಗಂಡನಿಗೆ ತಿಳಿಯದಂತೆ ನಾನೇ ಡಿಪ್ ಹಾಕಿದೆ, ನಾನೇ ಹೊರಗೆ ಸುದ್ದಿ ಹಬ್ಬಿಸಿದೆ, ನೀರು ಸೇರಿದ್ದನ್ನು ಅವರು ಒಂದು ದಿನ ಮೊದಲೇ ಕಂಡುಹಿಡಿದು ಮಾರಾಟ ನಿಲ್ಲಿಸಿದ್ದರು, ಬೋರ್ಡು ನಿಜವಾಗಿತ್ತು ಎಂದು ಬರೆದು ಸಹಿ ಹಾಕಿದ್ದೇನೆ. ಗುರುವಾರ ಹತ್ತು ಗಂಟೆಗೆ ಝುಬೇರ್ ನನ್ನನ್ನು ಆಫೀಸಿಗೆ ಕರೆದುಕೊಂಡು ಬರುತ್ತಾನೆ. ಯಾರು ಉಗಿದರೂ ಉಗಿಯಲಿ, ಕೇಸು ನನ್ನ ಮೇಲೆ ಹಾಕಿದರೂ ಹಾಕಲಿ. ನಾನು ಬರುವ ಮೊದಲು ನೀವು ನಿಮ್ಮ ಸುಳ್ಳನ್ನು ಬರೆದುಕೊಟ್ಟುಬಿಡಬೇಡಿ. ನನ್ನನ್ನು ಉಳಿಸುವ ಹೆಸರಿನಲ್ಲಿ ನನಗೆ ಹೇಳದೆ ಜೈಲಿಗೆ ಹೋದರೆ ನಾನು ಖಂಡಿತ ಕ್ಷಮಿಸುವುದಿಲ್ಲ.

ಆಮೇಲೆ ಗುಬ್ಬಿಗೇ ವಾಪಸ್ ಹೋಗುತ್ತೇವೋ, ಕುಣಿಗಲ್ಲಿನಲ್ಲಿ ಭಾಯಿಜಾನ್ ಜೊತೆ ಪಂಕ್ಚರ್ ಹಾಕುತ್ತೀರೋ, ನನಗೆ ಎರಡೂ ಒಂದೇ. ಒಂದು ಮಾತು ಮಾತ್ರ ನಡೆಸಿಕೊಡಿ. ಯಾವ ಕೆಲಸವಾದರೂ ಸರಿ, ಬೆಳಿಗ್ಗೆ ಮೊದಲ ಲೆಕ್ಕ ನನಗೆ. ಕಡಿಮೆ ಇದ್ದರೂ ನನಗೆ, ಏನೂ ಇಲ್ಲದಿದ್ದರೂ ನನಗೆ. ಬೋರ್ಡು ಆಮೇಲೆ ಬರೆಯಿರಿ, ಊರು ನಂಬಲಿ ಬಿಡಲಿ.

ಬಿಸಿನೀರು ಹಣೆಯ ಗಾಯಕ್ಕೆ ತಾಗಿಸಬೇಡಿ. ಕನ್ನಡಕ ಇಲ್ಲದೆ ಈ ಕಾಗದ ಓದಲು ಕಷ್ಟವಾದರೆ ಬೆಳಕಿಗೆ ಹಿಡಿದು ಓದಿ, ಇನ್ನೊಬ್ಬರ ಕೈಲಿ ಓದಿಸಬೇಡಿ.

ನಿಮ್ಮ ಸಾಲಿನಲ್ಲಿ ಕೊನೆಯಲ್ಲಿ ನಿಂತಿರುವ,
ಜೈನಬ್ ಬೀ

ಮರೆತ ಮಾತು: ಮರೆತದ್ದಲ್ಲ, ಮೇಲೆ 'ಕಲಿಸಿರಲಿಲ್ಲ' ಎಂದು ಬರೆದದ್ದು ಸುಳ್ಳು. ಆ ಪೇಸ್ಟಿನ ವಿಷಯ ನೀವು ಮೊದಲ ವರ್ಷವೇ ಕಲಿಸಿದ್ದಿರಿ, ನಾನು ಮರೆತಿರಲಿಲ್ಲ. ಶುಕ್ರವಾರ ಎರಡನೇ ಸಲ ಹಚ್ಚಿ ಇಳಿಸಿದೆ. ಇಪ್ಪತ್ತರ ಗೆರೆಯವರೆಗೆ ಕೆಂಪಗೆ ಬಂತು. ಅದೆಲ್ಲ ನೀರು, ನಿಮ್ಮ ಬೋರ್ಡು ನಿಜ ಎಂದು ಓಬಳಮ್ಮನ ಹತ್ತಿರ ಹೋಗುವ ಮೊದಲೇ ನನಗೆ ಗೊತ್ತಿತ್ತು. ರಾಡನ್ನು ಸೆರಗಿನಲ್ಲಿ ಒರೆಸಿ ತೂಗುಹಾಕಿದೆ. ನೀಲಿ ಸೀರೆಯ ಆ ಕಲೆ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಇದನ್ನು ಹೇಳಿಕೆಯಲ್ಲಿ ಬರೆದಿಲ್ಲ. ಬರೆಯಬೇಕೋ ಬೇಡವೋ ನೀವೇ ಹೇಳಿ, ಬರೆ ಎಂದರೆ ಬರೆಯುತ್ತೇನೆ. ಆದರೆ ಪುಟ್ಟಗಂಗಮ್ಮನಿಗೆ ಹೇಳಬೇಡಿ.